ಫ್ರಾಯ್ಡ್‌ನ 28 ಉಪನ್ಯಾಸ, ಯೂಂಗ್‌ನ 5: ಕಲಿನಾದಲ್ಲಿ ಎರಡನ್ನೂ ಓದಿ ನೋಡಿದ ಮೇಲೆ

ಸೈಕಾಲಜಿ ಎಂ.ಎ. ಮಾಡಲು ಮುಂಬೈ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್‌ಗೆ ಬರುವ ನಮ್ಮ ಕಡೆಯ ಮಕ್ಕಳು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ ಮೊದಲು ಓದಬೇಕಾ, ಅವನ ಜೊತೆಗಿದ್ದು ಆಮೇಲೆ ಬೇರೆ ದಾರಿ ಹಿಡಿದ ಯೂಂಗ್ ಮೊದಲು ಓದಬೇಕಾ? ಕ್ಲಾಸಿನಲ್ಲಿ ಇಬ್ಬರಿಗೂ ಸಿಗುವುದು ವ್ಯಕ್ತಿತ್ವ ಸಿದ್ಧಾಂತಗಳ ಪಾಠದಲ್ಲಿ ಒಂದಿಷ್ಟು ಜಾಗ. ಇಡ್, ಈಗೋ, ಸೂಪರ್‌ಈಗೋ ಅಂತ ಫ್ರಾಯ್ಡ್ ಹೇಳಿದ ಮನಸ್ಸಿನ ಮೂರು ಭಾಗಗಳ ಚಿತ್ರ ಬರೆದು, ಯೂಂಗ್ ಹೆಸರಲ್ಲಿ ಆರ್ಕಿಟೈಪ್‌ಗಳ, ಅಂದರೆ ಎಲ್ಲ ಮನುಷ್ಯರ ಮನಸ್ಸಿನಲ್ಲೂ ಇವೆ ಎನ್ನುವ ಮೂಲ ಬಿಂಬಗಳ, ಪಟ್ಟಿ ಉರು ಹೊಡೆದರೆ ಪರೀಕ್ಷೆ ಆಯಿತು. ಕ್ಲಾಸಿನ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವಂಥದ್ದು ಏನಿಲ್ಲ.

ನಾವು ಕೆಲವರು ಕನ್ನಡದವರು ಶನಿವಾರ ಸೇರಿ ಮೂಲ ಬರಹಗಳನ್ನೇ ಓದಿದೆವು. ನಾನು, ಕನ್ನಡ ವಿಭಾಗದ ಒಬ್ಬ ಅಕ್ಕ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ತುಳು ಹೋಟೆಲ್ ಮನೆತನದ ಗೆಳೆಯ, ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಪಿಎಚ್‌ಡಿ ಮಾಡಲು ಬಂದ ಹುಡುಗ. ಹೋಲಿಕೆ ನ್ಯಾಯವಾಗಿರಲಿ ಅಂತ ಇಬ್ಬರದ್ದೂ ಉಪನ್ಯಾಸಗಳನ್ನೇ ಆರಿಸಿಕೊಂಡೆವು. ಫ್ರಾಯ್ಡ್ 1915ರಿಂದ 1917ರವರೆಗೆ ಎರಡು ಚಳಿಗಾಲ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಕೊಟ್ಟ 28 ಪೀಠಿಕೆ ಉಪನ್ಯಾಸಗಳು ಒಂದು ಕಡೆ. ಯೂಂಗ್ 1935ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ವೈದ್ಯರ ಮುಂದೆ ಇಂಗ್ಲಿಷಿನಲ್ಲೇ ಕೊಟ್ಟ 5 ಉಪನ್ಯಾಸಗಳು ಇನ್ನೊಂದು ಕಡೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಗುಂಪಾಗಿ ಓದುವುದಾದರೆ ಫ್ರಾಯ್ಡ್ ಮೊದಲು. ಯೂಂಗ್ ನಮಗೆ ಬೇಗ ಹಿಡಿಸುತ್ತಾನೆ, ತೊಂದರೆ ಇರುವುದೇ ಅಲ್ಲಿ.

ಫ್ರಾಯ್ಡ್ ಶುರು ಮಾಡುವುದು ಕನಸಿನಿಂದಲ್ಲ, ಬಾಯಿ ತಪ್ಪಿ ಬರುವ ಮಾತಿನಿಂದ. ಸಂಸತ್ತಿನ ಕಲಾಪ ಶುರು ಮಾಡಲು ಎದ್ದು ನಿಂತ ಅಧ್ಯಕ್ಷ 'ಸಭೆ ಮುಗಿಯಿತು' ಎಂದು ಸಾರಿಬಿಟ್ಟ ಪ್ರಸಂಗ ಎರಡನೇ ಉಪನ್ಯಾಸದಲ್ಲೇ ಬರುತ್ತದೆ. ಇದನ್ನು ಓದಿದ ದಿನವೇ ನಮ್ಮ ಜಗಳ ಶುರುವಾಯಿತು. ಮುಂಬೈಯಲ್ಲಿ ನಾವು ದಿನಕ್ಕೆ ನಾಲ್ಕು ಭಾಷೆ ಮಾತಾಡುತ್ತೇವೆ. ನಾಲಿಗೆ ತಪ್ಪದೆ ಇದ್ದರೆ ಅದೇ ಆಶ್ಚರ್ಯ. 'ಇದಕ್ಕೆಲ್ಲ ಸುಪ್ತ ಮನಸ್ಸು ಎಂಥದು ಮಾರಾಯ, ತಲೆ ಸುಸ್ತಾಗಿರುತ್ತದೆ ಅಷ್ಟೇ' ಅಂದ ಡೊಂಬಿವಲಿಯ ಗೆಳೆಯ. ಈ ಆಕ್ಷೇಪ ಫ್ರಾಯ್ಡ್‌ಗೆ ಮೊದಲೇ ಗೊತ್ತು. ಕತ್ತಲಲ್ಲಿ, ನಿರ್ಜನ ಜಾಗದಲ್ಲಿ ಒಬ್ಬ ನನ್ನ ವಾಚು, ಪರ್ಸು ಕಿತ್ತುಕೊಂಡು ಹೋದ ಅಂದುಕೊಳ್ಳಿ, ಪೊಲೀಸ್ ಠಾಣೆಯಲ್ಲಿ 'ಕತ್ತಲೆಯೂ ಒಂಟಿತನವೂ ನನ್ನನ್ನು ದೋಚಿದವು' ಅಂತ ದೂರು ಕೊಡಲು ಆಗುತ್ತದಾ, ಎಂದು ಅವನು ಕೇಳುತ್ತಾನೆ. ಸುಸ್ತು ಕಳ್ಳನಿಗೆ ಅವಕಾಶ ಕೊಡುತ್ತದೆ, ಆದರೆ ಸುಸ್ತೇ ಕಳ್ಳ ಅಲ್ಲ.

ಗೆಳೆಯ ಒಪ್ಪಲಿಲ್ಲ. ಆಮೇಲೆ ಒಂದು ದಿನ ಮನೆ ವಿಷಯ ಮಾತಾಡುತ್ತಾ 'ಅಪ್ಪ ಹೋದ ಮೇಲೆ ಹೋಟೆಲಿನ ಒಳಗೆಲ್ಲ ಹೊಸದು ಮಾಡಿಸಬೇಕು' ಅಂದ. ಎಲ್ಲರೂ ಅವನ ಮುಖ ನೋಡಿದೆವು. 'ಊರಿಗೆ ಹೋದ ಮೇಲೆ ಅನ್ನಲು ಹೊರಟಿದ್ದೆ' ಅಂದ. ಇರಬಹುದು. ಅವನ ಅಪ್ಪನಿಗೆ ಎಪ್ಪತ್ತು ದಾಟಿದೆ, ಇನ್ನೂ ಗಲ್ಲಾ ಬಿಟ್ಟು ಏಳುವುದಿಲ್ಲ. ನಾವು ಹೆಚ್ಚು ಕೆದಕಲಿಲ್ಲ. ಫ್ರಾಯ್ಡ್ ಓದುವ ಗುಂಪಿಗೆ ಇದೊಂದು ನಿಯಮ ಬೇಕೇ ಬೇಕು: ಯಾರ ಮಾತಿನ ಅರ್ಥವನ್ನೂ ಬೇರೆಯವರು ಹೇಳಬಾರದು. ಹೇಳಬೇಕಾದವರು ಅವರೇ, ಹೇಳದಿದ್ದರೂ ಸರಿ.

ಹಾಗಂತ ಫ್ರಾಯ್ಡ್ ಹೇಳಿದ್ದೆಲ್ಲ ನಮ್ಮ ಮನೆಗೆ ಸರಿಹೋಗುತ್ತದೆ ಅಂತಲ್ಲ. ಅವನು ನೆಚ್ಚಿಕೊಂಡ ಗ್ರೀಕರ ಈಡಿಪಸ್ ಕತೆಯಲ್ಲಿ ಮಗ ಅಪ್ಪನನ್ನು ಕೊಲ್ಲುತ್ತಾನೆ. ನಮ್ಮ ಕತೆಗಳಲ್ಲಿ ಗೆಲ್ಲುವವನು ಹೆಚ್ಚಾಗಿ ಅಪ್ಪನೇ ಎಂದು ಎ.ಕೆ. ರಾಮಾನುಜನ್ ತೋರಿಸಿಕೊಟ್ಟರು. ಯಯಾತಿ ಪುರುವಿನ ಯೌವನ ತೆಗೆದುಕೊಂಡ. ಶಂತನುವಿಗಾಗಿ ಭೀಷ್ಮ ಮದುವೆಯನ್ನೇ ಬಿಟ್ಟ. ಅಕ್ಕ ಇದನ್ನು ಹೇಳಿದಾಗ ಡೊಂಬಿವಲಿಯ ಗೆಳೆಯ ಮೊದಲ ಸಲ ಪುಸ್ತಕ ಕೆಳಗಿಟ್ಟು ಕೇಳಿಸಿಕೊಂಡ. ಗಲ್ಲಾ ವಿಷಯಕ್ಕೆ ಇದು ವಿಯೆನ್ನಾಕ್ಕಿಂತ ಹತ್ತಿರ, ಅಲ್ವಾ? 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸರು ಕೂಡ ತಮ್ಮ ರೋಗಿಗಳಲ್ಲಿ ಕಂಡದ್ದು ಬೇರೆ ಎಂದು ಫ್ರಾಯ್ಡ್‌ಗೇ ಪತ್ರ ಬರೆದಿದ್ದರು. ಅಂದರೆ ಫ್ರಾಯ್ಡ್ ಜೊತೆ ಜಗಳ ಆಡುವುದಕ್ಕೆ ನಮ್ಮಲ್ಲಿ ನೂರು ವರ್ಷದ ರೂಢಿ ಇದೆ. ಅವನ ಬರಹದಲ್ಲೂ ಜಗಳಕ್ಕೆ ಜಾಗ ಇದೆ.

ಈಗ ಯೂಂಗ್. ಎರಡನೇ ಉಪನ್ಯಾಸದಲ್ಲಿ ಪದ ಪರೀಕ್ಷೆಯ ವಿವರ ಇದೆ. ಜ್ಯೂರಿಕ್‌ನ ಬುರ್ಗ್‌ಹೋಲ್ಜ್‌ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಅವನು ಬೆಳೆಸಿದ ಪರೀಕ್ಷೆ ಇದು. ನೂರು ಪದ ಒಂದೊಂದಾಗಿ ಹೇಳಬೇಕು, ಮನಸ್ಸಿಗೆ ತಕ್ಷಣ ಬಂದ ಪದ ಅವರು ಹೇಳಬೇಕು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಬೇಕು. ತಡವಾದ ಕಡೆ ಏನೋ ಸಿಕ್ಕಿಕೊಂಡಿದೆ ಎಂದು ಅರ್ಥ. ಆ ಗಂಟಿಗೆ ಅವನು ಕಾಂಪ್ಲೆಕ್ಸ್ ಎಂದ. ಮೊಬೈಲ್ ಸ್ಟಾಪ್‌ವಾಚ್ ಇಟ್ಟುಕೊಂಡು ನಾವೂ ಮಾಡಿ ನೋಡಿದೆವು. ಇದರಷ್ಟು ಮಜಾ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಆದರೆ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಬಂದರೆ, ತಡವಾದದ್ದು ಕಾಂಪ್ಲೆಕ್ಸ್‌ನಿಂದಲೋ ಭಾಷೆ ಬದಲಿಸಿದ್ದರಿಂದಲೋ ಹೇಳಲು ಬರುವುದಿಲ್ಲ. ಇನ್ನು 'ಮನೆ' ಎಂಬ ಪದಕ್ಕೆ ಎಲ್ಲರೂ ತಡವರಿಸಿದರು. ಮುಂಬೈ ಬಾಡಿಗೆ ಗೊತ್ತಿದ್ದವರಿಗೆ ಅದನ್ನು ಬಿಡಿಸಿ ಹೇಳಲು ಸುಪ್ತ ಮನಸ್ಸು ಬೇಕಿಲ್ಲ.

ಗುಂಪು ಸಡಿಲಾದದ್ದು ಆರ್ಕಿಟೈಪ್‌ಗಳ ವಿಷಯ ಬಂದಾಗ. ಗೆಳೆಯನ ಮನೆಯವರದ್ದು ಊರಲ್ಲಿ ನಾಗಬನ ಇದೆ. ನಾಗ, ಮಂಡಲ, ಕುಂಡಲಿನಿ, ಎಲ್ಲವೂ ಯೂಂಗ್‌ನಲ್ಲಿ ಸಿಗುತ್ತವೆ. 1932ರಲ್ಲಿ ಅವನು ಜ್ಯೂರಿಕ್‌ನಲ್ಲಿ ಕುಂಡಲಿನಿ ಬಗ್ಗೆಯೇ ವಿಚಾರಗೋಷ್ಠಿ ನಡೆಸಿದ್ದ. 1937ರ ಕೊನೆಗೆ ಭಾರತಕ್ಕೆ ಬಂದಾಗ ಮೈಸೂರು ಮಹಾರಾಜರ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ಮಾತಾಡಿದ್ದ. ಇಷ್ಟು ಗೊತ್ತಾದ ಮೇಲೆ ನಮ್ಮವರಿಗೆ ಅವನು ನೆಂಟನೇ ಆಗಿಬಿಟ್ಟ. ಯಾರು ಏನು ಕನಸು ಹೇಳಿದರೂ 'ಹೌದು, ಇದು ಆ ಆರ್ಕಿಟೈಪ್' ಅಂತ ಹತ್ತೇ ನಿಮಿಷಕ್ಕೆ ಮುಗಿಯುತ್ತಿತ್ತು. ಯಾರೂ ಜಗಳ ಆಡುತ್ತಿರಲಿಲ್ಲ. ಫ್ರಾಯ್ಡ್ ಆಗಿದ್ದರೆ ಕೇಳುತ್ತಿದ್ದ: ಹಾವು ಅಂದ ಕೂಡಲೇ ನಿನಗೆ ಯಾರ ನೆನಪು ಬಂತು? ಯಾವ ವಯಸ್ಸಿನಲ್ಲಿ? ಹಿಂದಿನ ದಿನ ಏನಾಗಿತ್ತು? ಯೂರೋಪಿನವರು ಯೋಗವನ್ನು ಸುಮ್ನೆ ಅನುಕರಿಸಬಾರದು ಎಂದು ಯೂಂಗ್ ಎಚ್ಚರಿಸಿದ್ದ. ನಾವು ಅವನನ್ನು ಸುಮ್ನೆ ಒಪ್ಪಿಕೊಳ್ಳಬಾರದು ಎಂದು ನಾನು ಸೇರಿಸುತ್ತೇನೆ.

ನಿಜವಾದ ಪರೀಕ್ಷೆ ಮೂರನೇ ಉಪನ್ಯಾಸ. ಅಲ್ಲಿ ಬಡ ರೈತ ಕುಟುಂಬದಿಂದ ಬಂದು ಶಾಲೆಯ ಮುಖ್ಯಸ್ಥನಾದ ನಲವತ್ತು ವರ್ಷದ ಒಬ್ಬ ಬರುತ್ತಾನೆ. ತಲೆ ಸುತ್ತು, ಎದೆ ಬಡಿತ, ವಾಕರಿಕೆ. ಇನ್ನೂ ಮೇಲೇರಿ ಲೈಪ್‌ಜಿಗ್‌ನಲ್ಲಿ ಪ್ರೊಫೆಸರ್ ಆಗಬೇಕೆಂಬ ಆಸೆ. ಅವನ ಕನಸಿನಲ್ಲಿ ಒಂದು ರೈಲು. ಗಡಿಬಿಡಿಯಲ್ಲಿ ಸಾಮಾನು ಮರೆತು ವಾಪಸ್ ಓಡುತ್ತಾನೆ, ಸ್ಟೇಷನ್ ಮುಟ್ಟುವಾಗ ಉದ್ದದ ರೈಲು ತಿರುವಿನಲ್ಲಿ ಹೊರಟಿದೆ. ಡ್ರೈವರ್ ಪೂರ್ತಿ ವೇಗ ಕೊಟ್ಟರೆ ಹಿಂದಿನ ಡಬ್ಬಿಗಳು ಹಳಿ ತಪ್ಪುತ್ತವೆ ಎಂದು ಅವನಿಗೆ ಕಾಣುತ್ತದೆ. ಹಾಗೆಯೇ ಆಗುತ್ತದೆ. ಯೂಂಗ್ ಹೇಳಿದ್ದು: ನೀನು ಬಂದ ನೆಲ ಮರೆತಿದ್ದೀಯ, ಇನ್ನು ಮೇಲೇರಬೇಡ. ಅವನು ಕೇಳಲಿಲ್ಲ, ಮೂರು ತಿಂಗಳಲ್ಲಿ ಕೆಲಸ ಕಳೆದುಕೊಂಡ ಎನ್ನುತ್ತಾನೆ ಯೂಂಗ್.

ಓದಿ ಮುಗಿಸಿದಾಗ ವಿಜಯಪುರದ ಹುಡುಗ ಕೇಳಿದ: 'ಹಂಗಾದ್ರ ನಾ ಊರಿಗಿ ಹೋಗ್ಲೇನ್ರೀ ಅಕ್ಕಾರ?' ಅವನ ಮನೆಯಲ್ಲಿ ಡಿಗ್ರಿ ಮುಟ್ಟಿದ ಮೊದಲಿಗ ಅವನು. ತಲೆ ಸುತ್ತು ಅವನಿಗೂ ಬರುತ್ತದೆ, ಮೆಸ್ಸಿನ ಊಟ ಬಿಟ್ಟ ದಿನ. ರೈತನ ಮಗ ಮೇಲೇರುವುದನ್ನೇ ರೋಗದ ಲಕ್ಷಣ ಅಂತ ಓದಿದರೆ ನಮ್ಮ ದೇಶದಲ್ಲಿ ಯೂನಿವರ್ಸಿಟಿಗಳನ್ನು ಮುಚ್ಚಬೇಕಾಗುತ್ತದೆ. ಇಲ್ಲಿ ಯೂಂಗ್ ನನಗೆ ಇಷ್ಟವಾಗಲಿಲ್ಲ. ಆ ಮನುಷ್ಯನಿಗೆ ಯೂಂಗ್ ಹೇಳಿದ್ದು ಸರಿಯೂ ಇರಬಹುದು. ಆದರೆ ಅರ್ಥವನ್ನು ಪೂರ್ತಿ ಡಾಕ್ಟರೇ ಹೇಳಿಬಿಡುತ್ತಾನೆ.

ಫ್ರಾಯ್ಡ್‌ನಲ್ಲೂ ರೈಲು ಇದೆ. ಹೊರಡುವುದು, ಪ್ರಯಾಣ ಅಂದರೆ ಸಾವಿನ ಸಂಕೇತ ಎಂದು ಅವನ ಹತ್ತನೇ ಉಪನ್ಯಾಸ ಹೇಳುತ್ತದೆ. ಕನಸುಗಳ ಮೇಲಿನ ಅವನ ದೊಡ್ಡ ಪುಸ್ತಕದ ಪ್ರಕಾರ, ರೈಲು ತಪ್ಪಿದ ಕನಸು ಸಮಾಧಾನದ ಕನಸು: ಹೆದರಬೇಡ, ನೀನು ಸಾಯುವುದಿಲ್ಲ. ಕುರ್ಲಾದಲ್ಲಿ ದಿನಾ ಲೋಕಲ್ ತಪ್ಪಿಸಿಕೊಳ್ಳುವವರಿಗೆ ಇದೂ ಅತಿಯಾಯಿತು ಅನ್ನಿಸುತ್ತದೆ. ಆದರೆ ಹಿಂದಿನ ದಿನದ ಚೂರುಗಳಿಂದಲೇ ಕನಸು ಕಟ್ಟುತ್ತದೆ ಎಂದು ಒಪ್ಪುವವನೂ ಅವನೇ. ಹಾಗಾಗಿ ಅಲ್ಲಿಂದ ಮಾತು ಮುಂದುವರಿಸಬಹುದು.

ಯೂಂಗ್ ಯಾರಿಗೆ ಸರಿ? ಅಕ್ಕನಿಗೆ ಸರಿಹೋದ. ಅವರಿಗೆ ನಲವತ್ತು ದಾಟಿದೆ, ಮಕ್ಕಳು ದೊಡ್ಡವರಾಗಿದ್ದಾರೆ, ಈಗ ಎಂ.ಎ. ಮಾಡುತ್ತಿದ್ದಾರೆ. ಬದುಕಿನ ಎರಡನೇ ಅರ್ಧದ ಬಗ್ಗೆ ಯೂಂಗ್‌ನಷ್ಟು ಗಮನ ಫ್ರಾಯ್ಡ್ ಕೊಡಲಿಲ್ಲ. ಒಂದೇ ಕನಸಿಗೆ ಅಂಟಿಕೊಳ್ಳದೆ ಕನಸುಗಳ ಸಾಲನ್ನು ನೋಡು ಎಂಬ ಯೂಂಗ್‌ನ ಮಾತೂ ಅವರಿಗೆ ಕೆಲಸಕ್ಕೆ ಬಂತು. ಅವರ ನೋಟ್‌ಬುಕ್ ತುಂಬಿದೆ. ನಾವು ಇಪ್ಪತ್ತರ ಆಸುಪಾಸಿನವರ ಹತ್ತಿರ ಅಂಥ ಸರಕೇ ಇಲ್ಲ.

ಖರ್ಚು: ಫ್ರಾಯ್ಡ್ ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಹಳೇ ಪೆಲಿಕನ್ ಪ್ರತಿಯಾಗಿ ಸಿಕ್ಕಿದ. ಯೂಂಗ್‌ಗೆ ಹೊಸ ಪುಸ್ತಕದ ಬೆಲೆಯನ್ನೇ ಕೊಡಬೇಕಾಯಿತು. ಓದಿ ಯಾರೂ ಮನೋವಿಶ್ಲೇಷಕರಾಗುವುದಿಲ್ಲ, ಎರಡೂ ಕಡೆ ಮೊದಲು ತಾವೇ ವಿಶ್ಲೇಷಣೆಗೆ ಒಳಗಾಗಬೇಕು. ಆ ಬೇಡಿಕೆ ಮುಂದಿಟ್ಟದ್ದು ಜ್ಯೂರಿಕ್‌ನವರು, ಅಂದರೆ ಯೂಂಗ್ ಕಡೆಯವರು, ಎಂದು 1912ರಲ್ಲಿ ಫ್ರಾಯ್ಡ್ ತಾನೇ ಬರೆದ. ಮುಂದಿನ ವರ್ಷ ಇಬ್ಬರೂ ಬೇರೆಯಾದರು.

ಶುರು ಮಾಡುವವರಿಗೆ ನಾನು ಹೇಳುವ ಕ್ರಮ ಇದು. ಫ್ರಾಯ್ಡ್‌ನ ಮೊದಲ ಹದಿನೈದು, ಅಂದರೆ ಬಾಯಿ ತಪ್ಪುವಿಕೆ ಮತ್ತು ಕನಸು. ಆಮೇಲೆ ಯೂಂಗ್‌ನ ಎರಡನೆಯದು, ಮೂರನೆಯದು. ಮನೋರೋಗಗಳ ಬಗ್ಗೆ ಫ್ರಾಯ್ಡ್‌ನ ಉಳಿದ ಹದಿಮೂರು ಕೊನೆಗಿರಲಿ, ಅವು ನಿಧಾನ. ಯೂಂಗ್‌ನ ಮೊದಲ ಉಪನ್ಯಾಸದ ನಾಲ್ಕು ಮನೋವೃತ್ತಿಗಳ (ಯೋಚನೆ, ಭಾವನೆ, ಇಂದ್ರಿಯಾನುಭವ, ಅಂತಃಸ್ಫುರಣೆ) ವಿವರ ಬೇಸರ ತರಿಸಿದರೆ ಹಾರಿಸಿ. ಆದರೆ ಪ್ರತಿ ಉಪನ್ಯಾಸದ ಕೊನೆಗೆ ವೈದ್ಯರು ಕೇಳಿದ ಪ್ರಶ್ನೆಗಳನ್ನು ಬಿಡಬೇಡಿ, ಕೇಳಿದವರಲ್ಲಿ ಮುಂದೆ ಹೆಸರಾಂತ ಮನೋವಿಶ್ಲೇಷಕನಾದ ವಿಲ್ಫ್ರೆಡ್ ಬಿಯಾನ್ ಕೂಡ ಇದ್ದ. ಮೂರನೆಯದನ್ನು ಓದುವ ದಿನ ಮೇಜಿನ ಸುತ್ತ ಹಳ್ಳಿಯಿಂದ ಬಂದವರು ಒಬ್ಬರಾದರೂ ಇರಲಿ. ನಮ್ಮ ವಿಜಯಪುರದ ಹುಡುಗ ಊರಿಗೆ ಹೋಗಲಿಲ್ಲ, ಪಿಎಚ್‌ಡಿಯ ಸಿನಾಪ್ಸಿಸ್ ಕೊಟ್ಟಿದ್ದಾನೆ.