ಗಂಗಾವತಿಯ ಮೆರವಣಿಗೆಗೆ ಯಾವ ಪಟ್ಟಿಯ ನಂಬರ್ ಒನ್?

ಸೌಂಡ್ ಸೆಟ್ ಬಾಡಿಗೆಗೆ ಕೊಡುವವರಿಗೆಲ್ಲ ಒಂದು ತಲೆನೋವು ಇದ್ದೇ ಇದೆ. ಗಿರಾಕಿ ಬಂದವನೇ, "ಅಣ್ಣಾ, ಈಗ ಯಾವ್ದು ನಡದೈತಿ ಅದನ್ನ ಹಾಕ್ರಿ" ಅನ್ನುತ್ತಾನೆ. ಈಗ ಯಾವುದು ನಡೆದಿದೆ ಅಂತ ಹೇಳುವವರು ಯಾರು? ಫೋನ್ ತೆಗೆದರೆ ಹತ್ತಾರು ಪಟ್ಟಿ. ಒಂದರ ನಂಬರ್ ಒನ್ ಇನ್ನೊಂದರಲ್ಲಿ ಮೂವತ್ತನೇ ಜಾಗದಲ್ಲೂ ಕಾಣುವುದಿಲ್ಲ.

ಹಾಗಾಗಿ ಈ ಸಲದ ಮದುವೆ ಸೀಸನ್‌ನಲ್ಲಿ ಒಂದು ಕೆಲಸ ಮಾಡಿದೆ. ಗಂಗಾವತಿ, ಕಾರಟಗಿ, ಕನಕಗಿರಿ ಸುತ್ತಮುತ್ತಲಿನ ಬುಕಿಂಗ್‌ಗಳಿಗೆ ಒಮ್ಮೆ ಒಂದು ಪಟ್ಟಿಯಿಂದ, ಇನ್ನೊಮ್ಮೆ ಇನ್ನೊಂದರಿಂದ ಹಾಡು ಆರಿಸಿಕೊಂಡು ಹೋದೆ. ಯೂಟ್ಯೂಬ್, ಸ್ಪಾಟಿಫೈ, ಜಿಯೋಸಾವನ್, ಶಜಾಮ್, ಇನ್‌ಸ್ಟಾಗ್ರಾಂ ರೀಲ್ಸ್, ಕೊನೆಗೆ ನಮ್ಮ ಬಸ್ ಸ್ಟ್ಯಾಂಡ್ ಕಡೆ ಪೆನ್ ಡ್ರೈವ್‌ಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿ. ನನ್ನ ಪರೀಕ್ಷೆ ಸರಳ. ಮೆರವಣಿಗೆಯಲ್ಲಿ ಜನ ಕುಣಿದರಾ? ಊಟದ ಹೊತ್ತಿಗೆ ಯಾರಾದರೂ ಬಂದು "ಬದಲಾಯಿಸ್ರಿ" ಅಂದರಾ? ಅಷ್ಟೇ.

ಮೊದಲು ಯೂಟ್ಯೂಬ್. ನಮ್ಮ ಕಡೆ ಹಾಡು ಕೇಳುವುದು ಅಂದರೆ ಬಹುಪಾಲು ಯೂಟ್ಯೂಬೇ. ಹೊಲದಲ್ಲಿ, ರೈಸ್ ಮಿಲ್ಲಿನಲ್ಲಿ, ಕಟಿಂಗ್ ಶಾಪಿನಲ್ಲಿ ಅದೇ. ದುಡ್ಡು ಕಟ್ಟಬೇಕಿಲ್ಲವಲ್ಲ. ಅದರ ಭಾರತದ ವಾರದ ಪಟ್ಟಿ ಶುಕ್ರವಾರದಿಂದ ಗುರುವಾರದವರೆಗಿನ ಲೆಕ್ಕ. ಅದರಲ್ಲೂ ಎರಡು ಬಗೆ ಇದೆ, ಇದನ್ನು ತುಂಬ ಜನ ಗಮನಿಸುವುದಿಲ್ಲ. ಹಾಡುಗಳ ಪಟ್ಟಿಯಲ್ಲಿ ಒಂದೇ ಹಾಡಿನ ಲಿರಿಕಲ್, ಪೂರ್ತಿ ವಿಡಿಯೊ, ಹೀಗೆ ಅಧಿಕೃತ ರೂಪಗಳನ್ನೆಲ್ಲ ಕೂಡಿಸುತ್ತಾರೆ. ಮ್ಯೂಸಿಕ್ ವಿಡಿಯೊ ಪಟ್ಟಿಯಲ್ಲಿ ಒಂದೊಂದು ವಿಡಿಯೊಗೂ ಬೇರೆ ಲೆಕ್ಕ. ಸೆಟ್ ಇಟ್ಟವನಿಗೆ ಬೇಕಾದದ್ದು ಮೊದಲನೆಯದು.

ತೊಂದರೆ ಏನೆಂದರೆ ಅದು ಇಡೀ ದೇಶದ ಪಟ್ಟಿ. ಮೇಲಿನಿಂದ ಕೆಳಗೆ ನೋಡುತ್ತಾ ಹೋದರೆ ಹಿಂದಿ, ಪಂಜಾಬಿ, ಭೋಜಪುರಿ, ಹರಿಯಾಣ್ವಿ. ನಡುನಡುವೆ ತೆಲುಗು, ತಮಿಳು. ಕನ್ನಡ ಹುಡುಕಬೇಕು. ಕೋಟಿಗಟ್ಟಲೆ ಜನ ಒಂದೇ ಕಡೆ ಮತ ಹಾಕಿದಾಗ ನಮ್ಮ ಕೊಪ್ಪಳ ಜಿಲ್ಲೆಯ ಮತ ಎಲ್ಲಿ ಕಾಣಬೇಕು? ಆದರೂ ಅರಿಶಿನ ಶಾಸ್ತ್ರಕ್ಕೆ ಈ ಪಟ್ಟಿ ಚೆನ್ನಾಗಿ ನಡೆಯಿತು. ಅಲ್ಲಿ ಹೆಣ್ಣುಮಕ್ಕಳಿಗೆ, ಚಿಕ್ಕ ಹುಡುಗಿಯರಿಗೆ ಹಿಂದಿ, ಪಂಜಾಬಿ ಹಾಡುಗಳ ಸ್ಟೆಪ್ ಬಾಯಿಪಾಠ ಇರುತ್ತವೆ.

ವೀಕ್ಷಣೆಯ ಸಂಖ್ಯೆಯನ್ನು ಪೂರ್ತಿ ನಂಬಬಾರದು ಅನ್ನುವುದಕ್ಕೆ ಒಂದು ಕಥೆ ಇದೆ. 2019ರ ಜುಲೈನಲ್ಲಿ ರ್‍ಯಾಪರ್ ಬಾದ್‌ಷಾ ಅವರ ಒಂದು ಹಾಡು 24 ಗಂಟೆಯಲ್ಲಿ ಸುಮಾರು 7.5 ಕೋಟಿ ವೀಕ್ಷಣೆ ಪಡೆಯಿತು. ಜಗತ್ತಿನ ದಾಖಲೆ ಅಂತ ಸುದ್ದಿಯಾಯಿತು. ಆಮೇಲೆ ನೋಡಿದರೆ ಅದರಲ್ಲಿ ಜಾಹೀರಾತಿಗೆ ದುಡ್ಡು ಕೊಟ್ಟು ತಂದ ವೀಕ್ಷಣೆಗಳೂ ಸೇರಿದ್ದವು. ಆಗಿನ ನಿಯಮದಲ್ಲಿ ಅದು ತಪ್ಪೇನಲ್ಲ, ಬೇರೆ ಕಂಪನಿಗಳೂ ಮಾಡುತ್ತಿದ್ದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ನಿಯಮವನ್ನೇ ಬದಲಾಯಿಸಿತು. ಜಾಹೀರಾತಿನಿಂದ ಬಂದ ವೀಕ್ಷಣೆಯನ್ನು ಸಂಗೀತದ ಪಟ್ಟಿಗೆ ಎಣಿಸುವುದನ್ನು ನಿಲ್ಲಿಸಿತು. ಹಾಗಾಗಿ ವಿಡಿಯೊದ ಕೆಳಗೆ ಕಾಣುವ ಸಂಖ್ಯೆಗಿಂತ ವಾರದ ಪಟ್ಟಿಯ ಸ್ಥಾನವನ್ನು ನಾನು ಜಾಸ್ತಿ ನಂಬುತ್ತೇನೆ. ಎಲ್ಲರೂ ನೋಡುತ್ತಿದ್ದ ಆ ಟ್ರೆಂಡಿಂಗ್ ಪುಟ 2025ರ ಜುಲೈನಲ್ಲಿ ಹೋಯಿತು. ಇನ್ನೂ ಹುಡುಗರು "ಟ್ರೆಂಡಿಂಗ್ ನಂಬರ್ ಒನ್" ಅಂತಲೇ ಬರುತ್ತಾರೆ, ಅದು ಬೇರೆ ಮಾತು.

ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಹಾಡನ್ನು 30 ಸೆಕೆಂಡ್ ಕೇಳಿದರೆ ಅಲ್ಲಿ ಒಂದು ಲೆಕ್ಕ. ಪಟ್ಟಿ ಅಚ್ಚುಕಟ್ಟು. ದಿನದ್ದು, ವಾರದ್ದು ಬೇರೆ ಬೇರೆ. ಕೆಲವು ದೊಡ್ಡ ನಗರಗಳಿಗೆ ಪ್ರತ್ಯೇಕ ಪಟ್ಟಿಯೂ ಇದೆ. ಬೆಂಗಳೂರಿನದ್ದು ಸಿಗುತ್ತದೆ, ಹೈದರಾಬಾದಿನದ್ದು ಸಿಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಇಲ್ಲ. ನಾವು ಭೂಪಟದಲ್ಲಿ ಬೆಂಗಳೂರು, ಹೈದರಾಬಾದ್‌ಗಳ ನಡುವೆ ಇದ್ದೇವೆ, ಹಾಡಿನ ವಿಷಯದಲ್ಲೂ ಹಾಗೇ. ಸುಮ್ನೆ ಕುತೂಹಲಕ್ಕೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಎರಡರಲ್ಲೂ ಇರುವ ಹಾಡುಗಳನ್ನು ಆರಿಸಿದೆ. ಆ ಹಾಡುಗಳು ಕಲ್ಯಾಣ ಮಂಟಪದಲ್ಲಿ ಊಟದ ಹೊತ್ತಿಗೆ ಬಹಳ ಚೆನ್ನಾಗಿ ಕೂತವು. ಮೆಲೊಡಿ, ಪ್ರೇಮಗೀತೆ, ಕಿವಿಗೆ ಹಿತ. ಅದೇ ಹಾಡು ಮೆರವಣಿಗೆಗೆ ಹಾಕಿದರೆ ಕುಣಿಯುವವರು ನಿಂತು ಫೋನ್ ನೋಡುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವ ಹಾಡು ಬೇರೆ, ನೂರು ಜನ ರಸ್ತೆ ಮೇಲೆ ಕೇಳುವ ಹಾಡು ಬೇರೆ.

ಜಿಯೋಸಾವನ್‌ನಲ್ಲಿ ಕನ್ನಡಕ್ಕೇ ಪ್ರತ್ಯೇಕ ಟಾಪ್ 50 ಇದೆ. ಇದೊಂದೇ ಕಾರಣಕ್ಕೆ ಅದು ಫೋನಿನಲ್ಲಿ ಉಳಿದಿದೆ. ಹೊಸ ಸಿನಿಮಾ ಹಾಡುಗಳು ಬೇಗ ಸಿಗುತ್ತವೆ. ಸಿನಿಮಾ ಬಿಟ್ಟು ಆಚೆ ಹೋಗುವುದು ಕಡಿಮೆ.

ಶಜಾಮ್ ವಿಚಿತ್ರ. ಇದು ಎಣಿಸುವುದು ಕೇಳಿದವರನ್ನಲ್ಲ, "ಇದು ಯಾವ ಹಾಡು?" ಅಂತ ಫೋನಿಗೆ ಕೇಳಿಸಿ ವಿಚಾರಿಸಿದವರನ್ನು. 2002ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದಾಗ 2580ಕ್ಕೆ ಡಯಲ್ ಮಾಡಿ ಫೋನನ್ನು ಸ್ಪೀಕರ್ ಹತ್ತಿರ ಹಿಡಿಯಬೇಕಿತ್ತು. ಹಾಡಿನ ಹೆಸರು ಮೆಸೇಜಿನಲ್ಲಿ ಬರುತ್ತಿತ್ತು. ಎಲ್ಲರಿಗೂ ಗೊತ್ತಿರುವ ಹಾಡನ್ನು ಯಾರೂ ವಿಚಾರಿಸುವುದಿಲ್ಲ, ಅಲ್ವಾ? ಹಾಗಾಗಿ ಈ ಪಟ್ಟಿಯಲ್ಲಿ ಮೇಲಿರುವುದು ಗೊತ್ತಿಲ್ಲದ, ಆದರೆ ಕಿವಿ ನಿಮಿರಿಸಿದ ಹಾಡು. ಮುಂದೆ ಯಾವುದು ಬರುತ್ತದೆ ಅಂತ ತಿಳಿಯಲು ಒಳ್ಳೆಯದು. ಇವತ್ತಿನ ಬುಕಿಂಗ್‌ಗೆ ಅಲ್ಲ.

ರೀಲ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಲ್ಲಿ ಒಂದು ಧ್ವನಿಯ ಪಕ್ಕ ಎಷ್ಟು ರೀಲ್ಸ್ ಮಾಡಿದ್ದಾರೆ ಅಂತ ಸಂಖ್ಯೆ ಇರುತ್ತದೆ, ಏರುತ್ತಿರುವುದಕ್ಕೆ ಪುಟ್ಟ ಬಾಣದ ಗುರುತು ಇರುತ್ತದೆ. ನಮ್ಮ ಉತ್ತರ ಕರ್ನಾಟಕದ ಜಾನಪದ ಹಾಡುಗಳು, ಡಿಜೆ ಹಾಡುಗಳು, ಟ್ರ್ಯಾಕ್ಟರ್ ಮೇಲೆ ದೊಡ್ಡ ಬಾಕ್ಸ್ ಕಟ್ಟಿಕೊಂಡು ಹೋಗುವ ಹುಡುಗರ ಹಾಡುಗಳು ನನಗೆ ಮೊದಲು ಕಂಡದ್ದು ಇಲ್ಲೇ. ಮೆರವಣಿಗೆಯಲ್ಲಿ ಈ ಹಾಡು ಶುರುವಾದ ಕೂಡಲೇ ಕೂಗು ಏಳುತ್ತದೆ. ಆದರೆ ಜನಕ್ಕೆ ಗೊತ್ತಿರುವುದು ಆ ಹದಿನೈದು, ಇಪ್ಪತ್ತು ಸೆಕೆಂಡು ಮಾತ್ರ. ಆ ತುಂಡು ಮುಗಿದು ಚರಣ ಬಂತು ಅನ್ನಿ, ಕುಣಿತ ಸಪ್ಪೆ. ಅದಕ್ಕೆ ರೀಲ್ಸ್‌ನಿಂದ ತೆಗೆದ ಹಾಡುಗಳನ್ನು ಈಗ ಪೂರ್ತಿ ಹಾಕುವುದಿಲ್ಲ. ಆ ತುಂಡನ್ನು ಎರಡು ಸಲ ತಿರುಗಿಸಿ ಇನ್ನೊಂದಕ್ಕೆ ಹೋಗುತ್ತೇನೆ.

ಇಷ್ಟೆಲ್ಲ ಆದಮೇಲೆ ಮೊಬೈಲ್ ಅಂಗಡಿ. ಅಲ್ಲಿ ಟ್ರ್ಯಾಕ್ಟರ್ ಡ್ರೈವರ್‌ಗಳು, ಟಂಟಂ ಓಡಿಸುವವರು, ಭತ್ತ ಕೊಯ್ಯುವ ಮಷಿನ್ ಜೊತೆ ಊರೂರು ತಿರುಗುವ ಹುಡುಗರು ಪೆನ್ ಡ್ರೈವ್ ತುಂಬಿಸಿಕೊಂಡು ಹೋಗುತ್ತಾರೆ. ಯಾವ ಹಾಡು ಜಾಸ್ತಿ ಕೇಳ್ತಾರೆ ಅಂದರೆ ಅಂಗಡಿಯವರು ಯೋಚನೆ ಕೂಡ ಮಾಡದೆ ಐದಾರು ಹೇಳುತ್ತಾರೆ. ಅವು ಮೇಲಿನ ಯಾವ ಪಟ್ಟಿಯಲ್ಲೂ ಮೊದಲ ಹತ್ತರಲ್ಲಿ ಇರಲಿಲ್ಲ. ಮೆರವಣಿಗೆಯಲ್ಲಿ ಅತಿ ಹೆಚ್ಚು ಹೊತ್ತು ಕುಣಿಸಿದ್ದು ಅವೇ.

ಇದನ್ನು ಹಳ್ಳಿ ಲೆಕ್ಕ ಅಂತ ನಗುವ ಹಾಗಿಲ್ಲ. ಇಂಗ್ಲೆಂಡಿನ ಮೊದಲ ಸಿಂಗಲ್ಸ್ ಪಟ್ಟಿ, ಅಂದರೆ ಬಿಡಿ ಹಾಡುಗಳ ಪಟ್ಟಿ, ಹುಟ್ಟಿದ್ದೇ ಹೀಗೆ. 1952ರ ನವೆಂಬರ್ 14ರಂದು ಎನ್‌ಎಂಇ ಅನ್ನುವ ಸಂಗೀತ ಪತ್ರಿಕೆ ಅದನ್ನು ಅಚ್ಚು ಹಾಕಿತು. ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಚೆನ್ನಾಗಿ ಖರ್ಚಾಗುತ್ತಿದೆ ಅಂತ ಕೇಳಿ ಬರೆದುಕೊಂಡರು. ಹೆಸರು ಟಾಪ್ 12, ಆದರೆ ಕೆಲವು ಸ್ಥಾನಗಳಲ್ಲಿ ಸಮ ಬಂದು ಪಟ್ಟಿಯಲ್ಲಿ 15 ಹಾಡುಗಳಿದ್ದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿ ಅವರ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾಯಿತು. ಮುಂದೆ ಅದೂ ರೆಕಾರ್ಡ್ ಅಂಗಡಿಗಳ ಮಾರಾಟ, ಕೇಳುಗರ ಸಂಘಗಳ ಅಭಿಪ್ರಾಯ ಎರಡನ್ನೂ ಸೇರಿಸಿ ಹಾಡಿಗೆ ಮೆಟ್ಟಿಲು, ಅಂದರೆ ಸ್ಥಾನ, ಕೊಡುತ್ತಿತ್ತು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸುತ್ತ ಕೂರುತ್ತಿದ್ದ ತಲೆಮಾರಿನವರು ಗಂಗಾವತಿಯಲ್ಲಿ ಈಗಲೂ ಇದ್ದಾರೆ. ಅವರಿಗೆ ಈ ಆ್ಯಪ್ ಪಟ್ಟಿಗಳ ಬಗ್ಗೆ ಹೇಳಿದರೆ, "ಹಾಡಿನ ಜೊತೆ ಮಾತೇ ಇಲ್ಲವಲ್ಲೋ" ಅಂತಾರೆ. ಅದೂ ನಿಜ.

ಅಂಗಡಿಯವರ ಬಾಯಿಮಾತನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿ 1958ರ ಆಗಸ್ಟ್‌ನಿಂದ ಇದೆ. ಎಷ್ಟೋ ವರ್ಷ ಅದರ ಮಾರಾಟದ ಲೆಕ್ಕವೂ ಅಂಗಡಿಗಳ ಹೇಳಿಕೆ ಮೇಲೇ ನಿಂತಿತ್ತು. 1991ರಲ್ಲಿ ಸೌಂಡ್‌ಸ್ಕ್ಯಾನ್ ಬಂತು. ಬಿಲ್ ಮಾಡುವಾಗ ಬಾರ್‌ಕೋಡ್ ಓದಿದ ಲೆಕ್ಕವೇ ನೇರ ಪಟ್ಟಿಗೆ. ಪಟ್ಟಿಗಳ ಮುಖವೇ ಬದಲಾಯಿತು. ಅಲ್ಲಿನ ಹಳ್ಳಿ ಸೊಗಡಿನ ಕಂಟ್ರಿ ಸಂಗೀತ, ರ್‍ಯಾಪ್ ಮೇಲೆ ಬಂದವು. ಅವನ್ನು ಕೊಳ್ಳುವವರು ಮೊದಲೂ ಇದ್ದರು, ಹೇಳುವವರು ಕಡಿಮೆ ಹೇಳುತ್ತಿದ್ದರು. ಭತ್ತವನ್ನು ಚೀಲದ ಲೆಕ್ಕದಲ್ಲಿ ಕೊಟ್ಟರೆ ಒಂದು ಬೆಲೆ, ತೂಕಕ್ಕೆ ಹಾಕಿದರೆ ಇನ್ನೊಂದು ಬೆಲೆ ಬರುವ ಹಾಗೆ. ನಮ್ಮ ಜಾನಪದ ಹಾಡುಗಳಿಗೆ ಅಂಥ ಒಂದು 1991 ಇನ್ನೂ ಬಂದಿಲ್ಲ ಅನ್ನುವುದು ನನ್ನ ಅನಿಸಿಕೆ. ಪೆನ್ ಡ್ರೈವ್‌ನಿಂದ ಟ್ರ್ಯಾಕ್ಟರ್‌ನಲ್ಲಿ ಇಡೀ ದಿನ ಬಾರಿಸಿದ ಹಾಡನ್ನು ಯಾವ ಕಂಪ್ಯೂಟರೂ ಎಣಿಸುವುದಿಲ್ಲ.

ದುಡ್ಡು ಕೊಟ್ಟು ಕೇಳುವವರಿಗೆ ಬೇರೆ ತೂಕ, ಪುಕ್ಕಟೆ ಕೇಳುವವರಿಗೆ ಬೇರೆ ತೂಕ ಅನ್ನುವ ಜಗಳವೂ ಇದೆ. ಬಿಲ್‌ಬೋರ್ಡ್ 2018ರಿಂದ ಚಂದಾದಾರರ ಕೇಳಿಕೆಗೆ ಜಾಸ್ತಿ ಅಂಕ ಕೊಡುತ್ತಿದೆ. ಇಂಗ್ಲೆಂಡಿನ ಪಟ್ಟಿಯಲ್ಲೂ ಅದೇ ವರ್ಷ 100 ಚಂದಾ ಕೇಳಿಕೆ ಅಥವಾ 600 ಪುಕ್ಕಟೆ ಕೇಳಿಕೆ ಒಂದು ಮಾರಾಟಕ್ಕೆ ಸಮ ಅಂತ ಮಾಡಿದರು. ಎಲ್ಲ ಕೇಳಿಕೆಯೂ ಒಂದೇ ಅಂತ ವಾದಿಸಿದ ಯೂಟ್ಯೂಬ್, 2026ರ ಜನವರಿ 16ರ ನಂತರ ಬಿಲ್‌ಬೋರ್ಡ್‌ಗೆ ಲೆಕ್ಕ ಕೊಡುವುದಿಲ್ಲ ಅಂತ 2025ರ ಡಿಸೆಂಬರ್‌ನಲ್ಲಿ ಹೇಳಿತು. ನಾನು ಈ ವಿಷಯದಲ್ಲಿ ಯೂಟ್ಯೂಬ್ ಪಕ್ಷ. ಚಂದಾ ಕಟ್ಟುವವರನ್ನೇ ದೊಡ್ಡ ಕೇಳುಗರು ಅಂದರೆ ನಮ್ಮ ತಾಲೂಕಿನಲ್ಲಿ ಎಷ್ಟು ಜನ ಉಳಿಯುತ್ತಾರೆ?

ಹಳೆಯ ಹಾಡಿನ ವಿಷಯವನ್ನು ಮಾತ್ರ ಯಾವ ಪಟ್ಟಿಯೂ ಸರಿಯಾಗಿ ಬಗೆಹರಿಸಿಲ್ಲ. 2017ರ ಮಾರ್ಚ್‌ನಲ್ಲಿ ಗಾಯಕ ಎಡ್ ಶೀರನ್ ಅವರ ಆಲ್ಬಂ ಬಂದಾಗ ಇಂಗ್ಲೆಂಡಿನ ಮೊದಲ ಹತ್ತರಲ್ಲಿ ಒಂಬತ್ತು ಅವರವೇ ಆದವು. ಆಗ ಒಬ್ಬ ಗಾಯಕರಿಗೆ ಮೂರೇ ಹಾಡು ಅಂತ ಮಿತಿ ಹಾಕಿದರು. ಇಳಿಮುಖವಾದ ಹಳೆಯ ಹಾಡಿಗೆ ಕೇಳಿಕೆಯ ತೂಕವನ್ನು ಅರ್ಧಕ್ಕೆ ಇಳಿಸುವ ನಿಯಮವನ್ನೂ ತಂದರು. ಇಷ್ಟಾದರೂ 1984ರ ಒಂದು ಕ್ರಿಸ್‌ಮಸ್ ಹಾಡು 2021ರ ಹೊಸ ವರ್ಷದ ದಿನ ಮೊದಲ ಬಾರಿಗೆ ನಂಬರ್ ಒನ್ ಆಯಿತು. ನಮ್ಮಲ್ಲೂ ಗವಿಮಠದ ಜಾತ್ರೆ, ಹುಲಿಗೆಮ್ಮನ ಜಾತ್ರೆ ಹತ್ತಿರ ಬಂದರೆ ಹಳೆಯ ಭಕ್ತಿಗೀತೆಗಳು ತಾವಾಗಿಯೇ ಎದ್ದು ಬರುತ್ತವೆ. ಅವಕ್ಕೆ ಪಟ್ಟಿ ಬೇಡ, ಕ್ಯಾಲೆಂಡರ್ ಸಾಕು.

ಒಂದು ಆ್ಯಪ್‌ನವರು, ಹೆಸರು ಬೇಡ, "ಟಾಪ್" ಅಂತ ಬರೆದು ಹಾಕುವ ಪ್ಲೇಲಿಸ್ಟ್ ನಂಬಿ ಕಾರಟಗಿ ಕಡೆ ಒಂದು ಮೆರವಣಿಗೆ ಮಾಡಿದೆ. ಮದುಮಗನ ಸೋದರಮಾವ ಬಂದು ನೇರವಾಗಿ ಕೇಳಿದರು, "ಏನೋ ತಮ್ಮಾ, ನಮ್ಮೂರ ಹಾಡು ಖಾಲಿ ಆಗ್ಯಾವೇನು?" ಆಮೇಲೆ ಗಮನಿಸಿದರೆ ಅದು ಎಣಿಕೆಯ ಪಟ್ಟಿಯೇ ಅಲ್ಲ. ಅವರೇ ಕೂತು ಆರಿಸಿದ ಹಾಡುಗಳು. ಪ್ಲೇಲಿಸ್ಟ್ ಅಂದರೆ ಯಾರೋ ಆರಿಸಿದ್ದು, ಚಾರ್ಟ್ ಅಂದರೆ ಎಣಿಸಿದ್ದು. ಎರಡಕ್ಕೂ ಒಂದೇ ಬಣ್ಣದ ಮುಖಪುಟ ಹಾಕಿ ಪಕ್ಕ ಪಕ್ಕ ಇಟ್ಟಿರುತ್ತಾರೆ. ಪಟ್ಟಿಯಲ್ಲಿ ಹೋದ ವಾರದ ಸ್ಥಾನ ತೋರಿಸುತ್ತಾರಾ ನೋಡಿ. ತೋರಿಸಿದರೆ ಅದು ಎಣಿಕೆಯದ್ದು ಅಂತ ಹೆಚ್ಚುಕಡಿಮೆ ನಂಬಬಹುದು.

ಈಗ ನನ್ನ ಲೆಕ್ಕ ಹೀಗಿದೆ. ಮೆರವಣಿಗೆಗೆ ಮೊಬೈಲ್ ಅಂಗಡಿಯವರ ಮಾತು ಮೊದಲು, ಅದಕ್ಕೆ ರೀಲ್ಸ್‌ನ ತುಂಡುಗಳ ಒಗ್ಗರಣೆ. ಅರಿಶಿನಕ್ಕೆ ಯೂಟ್ಯೂಬ್ ವಾರದ ಪಟ್ಟಿ. ಊಟಕ್ಕೆ ಸ್ಪಾಟಿಫೈ ಬೆಂಗಳೂರು, ಕನ್ನಡ ಸಾಲದಿದ್ದರೆ ಜಿಯೋಸಾವನ್. ಶಜಾಮ್ ಮನೆಯಲ್ಲಿ ಕೂತು ನೋಡಲಿಕ್ಕೆ. ಒಂದೇ ಇಟ್ಟುಕೊಳ್ಳಿ ಅಂದರೆ ಯೂಟ್ಯೂಬ್ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ನಮ್ಮ ಜನ ಇರುವುದು ಅಲ್ಲೇ. ಸಿಂಧನೂರು, ಸಿರುಗುಪ್ಪ ಕಡೆಯ ಕ್ಯಾಂಪ್‌ಗಳ, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳ, ಬುಕಿಂಗ್ ಬಂದರೆ ಮಾತ್ರ ಇದೆಲ್ಲ ತಲೆಕೆಳಗು. ಅಲ್ಲಿ ತೆಲುಗು ಹಾಡಿನ ಪೆನ್ ಡ್ರೈವ್ ಬೇರೆಯೇ ಇಟ್ಟಿದ್ದೇನೆ, ಅದನ್ನು ತುಂಬಿಕೊಟ್ಟದ್ದು ಅಲ್ಲಿನದೇ ಒಂದು ಅಂಗಡಿ.