ಹಳೆ ಪಿಕಪ್ ಕೊಳ್ಳುವವರೇ, ಬಿಸಿ ಇಂಜಿನ್ ತೋರಿಸಿದರೆ ದುಡ್ಡು ಕೊಡಬೇಡಿ

ಕಾಫಿ ಕೊಯ್ಲು ಹತ್ತಿರ ಬಂತು. ಈಗ ಕೊಡಗಿನಲ್ಲಿ ಹಳೆ ಡೀಸೆಲ್ ಪಿಕಪ್ ಹುಡುಕುತ್ತಿರುವವರು ಬಹಳ ಜನ ಇದ್ದೀರಿ. ಅಡ್ವಾನ್ಸ್ ಕೊಡುವ ಮುಂಚೆ ಇದೊಂದು ಕೆಲಸ ಮಾಡಿ: ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನಿಮ್ಮ ಎದುರಿಗೇ ಸ್ಟಾರ್ಟ್ ಮಾಡಿಸಿ. ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬೆಚ್ಚಗಿದ್ದರೆ ವಾಪಸ್ ಬನ್ನಿ.

ನಾವು ಕಳೆದ ಸೀಸನ್‌ಗೆಂದು ಕುಶಾಲನಗರದ ಕಡೆ ಬ್ರೋಕರ್ ಒಬ್ಬರ ಮೂಲಕ ಗಾಡಿ ತಗೊಂಡೆವು. ಹೋಗುವಷ್ಟರಲ್ಲಿ ಇಂಜಿನ್ ಕಾಯಿಸಿ ಇಟ್ಟಿದ್ದರು. ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಹೊಗೆ ಇಲ್ಲ, ಸದ್ದೂ ಇಲ್ಲ, ಡಿಪ್‌ಸ್ಟಿಕ್ ಎಳೆದರೆ ಹೊಚ್ಚ ಹೊಸ ಆಯಿಲ್. "ಇಂಜಿನ್‌ಗೆ ಇವತ್ತಿನವರೆಗೆ ಸ್ಪ್ಯಾನರ್ ಮುಟ್ಟಿಸಿಲ್ಲ ಸಾರ್" ಅಂತ ಭರವಸೆ ಬೇರೆ. ಆ ಹೊಸ ಆಯಿಲಿನಲ್ಲೇ ಮೋಸ ಇತ್ತು. ಗಾಡಿಗೆ ಹೇಳಿದ ಗ್ರೇಡ್ ಬಿಟ್ಟು ತೀರಾ ಮಂದದ ಆಯಿಲ್ ಸುರಿದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸುತ್ತಲಿನ ಸವೆದ ಬೇರಿಂಗಿನ ಸಂದು ತುಂಬಿಕೊಂಡು ಸದ್ದು ಅಡಗುತ್ತದೆ. ಸವೆದ ರಿಂಗ್ (ಪಿಸ್ಟನ್ ಸುತ್ತ ಸಂದು ಮುಚ್ಚುವ ಬಳೆ) ದಾಟಿ ಮೇಲಕ್ಕೆ ಹೋಗುವ ಆಯಿಲೂ ಸ್ವಲ್ಪ ದಿನ ಕಮ್ಮಿಯಾಗುತ್ತದೆ. ಲೋಡ್ ಹಾಕಿ ಘಾಟಿ ಹತ್ತಿಸಿ ಇಂಜಿನ್ ಚೆನ್ನಾಗಿ ಕಾದಾಗ ಆಯಿಲ್ ತೆಳ್ಳಗಾಗಿ ಎಲ್ಲ ಬಯಲಾಗುತ್ತದೆ.

ನಮಗೆ ಬಯಲಾದದ್ದು ಸಂಪಾಜೆ ಘಾಟಿಯಲ್ಲಿ. ಮಡಿಕೇರಿಯಿಂದ ಇಳಿದು ಕೆಳಗೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಕನ್ನಡಿ ತುಂಬ ನೀಲಿ ಹೊಗೆ. ವಾಪಸ್ ಹತ್ತುವಾಗ ಕಾಲ ಕೆಳಗಿಂದ ಗಟ್ಟಿಯಾಗಿ ಟಕ್ ಟಕ್ ಟಕ್. ಗೇರ್ ಇಳಿಸಿ ಎಳೆದಷ್ಟೂ ಜಾಸ್ತಿ.

ಮೊದಲು ತೋರಿಸಿದ ಗ್ಯಾರೇಜಿನವರು ನಿಂತಲ್ಲೇ ತೀರ್ಪು ಕೊಟ್ಟರು. ಇಳಿಜಾರು ಮುಗಿದ ಮೇಲೆ ಹೊಗೆ ಬಂತಲ್ಲ, ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ಭಾಗ) ಹೋಗಿದೆ, ಸದ್ದು ಡೀಸೆಲ್ ಸಿಂಪಡಿಸುವ ನಾಜಲ್‌ನದ್ದು. ಹೆಡ್ (ಇಂಜಿನ್‌ನ ಮೇಲ್ಭಾಗ) ಇಳಿಸಿದರು, ಸೀಲ್ ಬದಲಾಯಿಸಿದರು, ನಾಜಲ್ ಎಲ್ಲ ಹೊಸದು ಹಾಕಿದರು. ದೊಡ್ಡ ಬಿಲ್ ಆಯಿತು. ಹೊಗೆಯೂ ಹೋಗಲಿಲ್ಲ, ಸದ್ದೂ ಹೋಗಲಿಲ್ಲ. ಆ ಇಳಿಜಾರಿನ ಲೆಕ್ಕ ಪೆಟ್ರೋಲ್ ಗಾಡಿಯದ್ದು. ಪೆಟ್ರೋಲ್ ಇಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗಾಳಿ ದಾರಿ ಮುಚ್ಚಿ ಒಳಗೆ ಜೋರು ಎಳೆತ ಹುಟ್ಟುತ್ತದೆ, ಅದು ಸೀಲ್ ಸಂದಿನಿಂದ ಆಯಿಲ್ ಎಳೆಯುತ್ತದೆ. ಹಳೆ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಗಾಳಿ ದಾರಿ ಮುಚ್ಚುವುದೇ ಇಲ್ಲ. ಹಾಗಾಗಿ ಅದೊಂದನ್ನೇ ನಂಬಿ ಹೆಡ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ.

ಆಮೇಲೆ ಗೋಣಿಕೊಪ್ಪದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಸಿಕ್ಕರು. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿದರು. ಹೊಗೆ ಬುಸ್ ಬುಸ್ ಎಂದು ತಳ್ಳಿ ಬಂತು, ಮುಚ್ಚಳ ಕುಣಿಯಿತು. "ರಿಂಗ್ ಸವೆದಿದೆ ಮಗಾ, ಕಂಪ್ರೆಶನ್ ಎಲ್ಲ ಕೆಳಗೆ ಬರ್ತಿದೆ" ಅಂದರು. ಬ್ರೀದರ್ ಪೈಪ್ (ಇಂಜಿನ್ ತಳದ ಗಾಳಿ ಹೊರಬಿಡುವ ಪೈಪ್) ಬಿಚ್ಚಿದರೆ ಅದರಲ್ಲೂ ಆಯಿಲ್ ಜಿನುಗುತ್ತಿತ್ತು. ಇದು ಬರೀ ಹೊಗೆಯ ವಿಷಯವಲ್ಲ. ಬ್ರೀದರ್‌ನಿಂದ ಆಯಿಲ್ ಗಾಳಿ ದಾರಿಗೆ ಹೆಚ್ಚಾಗಿ ಹೋದರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಓಡಬಹುದು, ಕೀ ತೆಗೆದರೂ ನಿಲ್ಲುವುದಿಲ್ಲ.

ಸದ್ದಿಗೆ ಅವರು ಮಾಡಿದ್ದು ಇನ್ನೂ ಸರಳ. ಒಂದೊಂದೇ ಸಿಲಿಂಡರ್‌ಗೆ ಡೀಸೆಲ್ ನಿಲ್ಲುವಂತೆ ಅದರ ನಾಜಲ್‌ನ ಪೈಪ್ ನಟ್ ಸಡಿಲಿಸಿ ಕಿವಿಗೊಟ್ಟರು. ಮೂರನೇದು ಸಡಿಲಿಸಿದಾಗ ಸದ್ದು ತಗ್ಗಿತು. ಮೂರರ ನಾಜಲ್ ತೆಗೆದು ಒಂದಕ್ಕೆ, ಒಂದರದ್ದು ಮೂರಕ್ಕೆ ಹಾಕಿದರು. ಸದ್ದು ಮೂರರಲ್ಲೇ ಉಳಿಯಿತು. ನಾಜಲ್‌ನದ್ದಾಗಿದ್ದರೆ ಅದರ ಜೊತೆಗೇ ಒಂದಕ್ಕೆ ಹೋಗಬೇಕಿತ್ತು. ಹೊಸ ನಾಜಲ್‌ಗೆ ಬಿಲ್ ಹಾಕುವ ಮುಂಚೆ ಮೊದಲ ಗ್ಯಾರೇಜಿನವರು ಇಷ್ಟು ಮಾಡಬಹುದಿತ್ತು, ಹೊಸ ಸಾಮಾನೇ ಬೇಕಿರಲಿಲ್ಲ. (ನಟ್ ಸಡಿಲಿಸುವ ಈ ಪರೀಕ್ಷೆ ಹಳೆ ಮೆಕ್ಯಾನಿಕಲ್ ಪಂಪ್ ಗಾಡಿಗೆ ಮಾತ್ರ. ಭಾರಿ ಪ್ರೆಶರ್‌ನಲ್ಲಿ ಡೀಸೆಲ್ ಹರಿಸುವ ಕಾಮನ್ ರೈಲ್ ಗಾಡಿಯಲ್ಲಿ ಖಂಡಿತ ಮಾಡಬೇಡಿ. ಆ ಪ್ರೆಶರ್‌ಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.)

ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿದರು. ಆಯಿಲ್ ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಸುರಿಯಿತು, ತಳದಲ್ಲಿ ಮಿನುಗುವ ಚೂರುಗಳು. ಮೂರನೇ ಬಿಗ್ ಎಂಡ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಜಾಗ) ಬೇರಿಂಗಿನ ಬೂದು ಪದರ ಪೂರ್ತಿ ಸವೆದು ಒಳಗಿನ ತಾಮ್ರ ಕೆಂಪಗೆ ಕಾಣುತ್ತಿತ್ತು. ಮೇಸ್ತ್ರಿ ಅದನ್ನು ಮಗುಚಿ, ಬೆನ್ನು ಒರೆಸಿ, ನನ್ನ ಕೈಗೆ ಕೊಟ್ಟರು. 0.50 ಅಂತ ಅಚ್ಚಿತ್ತು. ಅಂದರೆ ಹಿಂದೆಯೇ ಇಂಜಿನ್ ಬಿಚ್ಚಿ, ಸವೆದ ಕ್ರ್ಯಾಂಕನ್ನು ಅರ್ಧ ಮಿಲಿಮೀಟರ್ ಗ್ರೈಂಡಿಂಗ್ ಮಾಡಿದ್ದಾರೆ. ಸ್ಪ್ಯಾನರ್ ಮುಟ್ಟಿಸದ ಇಂಜಿನ್ನಂತೆ!

ಹೊಗೆಯ ಬಗ್ಗೆ ಒಂದು ಮಾತು. ನಮ್ಮ ಚಳಿಗೆ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಬರುವುದು ಸಹಜ, ಇಂಜಿನ್ ಕಾದ ಹಾಗೆ ಹೋಗುತ್ತದೆ. ನೀಲಿ ಹೊಗೆ ಸುಟ್ಟ ಆಯಿಲಿನ ವಾಸನೆ ಹೊತ್ತು ಹಿಂದೆಯೇ ತೇಲುತ್ತಿರುತ್ತದೆ. ಸ್ಟಾರ್ಟ್ ಆದಾಗ ಮಾತ್ರ ಒಂದು ಗುಕ್ಕು ನೀಲಿ ಬಂದು ನಿಂತರೆ ವಾಲ್ವ್ ಸೀಲ್ ಇರಬಹುದು. ಲೋಡ್‌ನಲ್ಲಿ ಬಿಡದೆ ಬಂದು, ಮುಚ್ಚಳದಲ್ಲೂ ತಳ್ಳಿದರೆ ರಿಂಗ್. ಟರ್ಬೊ ಗಾಡಿಯಾದರೆ ಅದರ ಪೈಪ್ ಒಳಗೆ ಆಯಿಲ್ ನಿಂತಿದೆಯೇ ಅಂತಲೂ ನೋಡಿಸಿ. ತಣ್ಣಗಿನ ಸ್ಟಾರ್ಟ್‌ನಲ್ಲಿ ಆಯಿಲ್ ಪ್ರೆಶರ್ ಏರುವ ಮುಂಚಿನ ಆ ಒಂದೆರಡು ಕ್ಷಣ ಕೆಳಗಿಂದ ಗಡಗಡ ಅಂದರೆ, ಎಷ್ಟೇ ಮಂದದ ಆಯಿಲ್ ಇದ್ದರೂ ಬೇರಿಂಗ್ ತನ್ನ ಸ್ಥಿತಿ ಹೇಳುತ್ತಿದೆ.

ಈಗಾಗಲೇ ಇಂಥ ಗಾಡಿ ನಿಮ್ಮಲ್ಲಿದ್ದು, ಸದ್ದಿನ ಜೊತೆ ಆಯಿಲ್ ಲೈಟೂ ಹತ್ತಿಕೊಂಡರೆ ಅಲ್ಲೇ ಆಫ್ ಮಾಡಿ. ಮನೆವರೆಗೆ ಹೋಗೋಣ ಅಂತ ಓಡಿಸಿದರೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆಯಬಹುದು. ಘಾಟಿ ರಸ್ತೆಯಲ್ಲಿ ಹಗ್ಗ ಕಟ್ಟಿ ಎಳೆಸಲೂ ಬೇಡಿ. ಇಂಜಿನ್ ಆಫ್ ಆದ ಗಾಡಿಗೆ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಬೇರೆ ಲಾರಿ ಕರೆಸಿ, ಮೇಲೆ ಹತ್ತಿಸಿಕೊಂಡು ಹೋಗಿ.