ತಣ್ಣನೆ ನೂಡಲ್ ಸಲಾಡ್‌ಗೆ ಸೋಮೆನ್, ಸೋಬಾ, ಚೂಕಾ: ಯಾವುದು ನಿಲ್ಲುತ್ತದೆ?

ಜುಲೈ ಬಂತೆಂದರೆ ಟೋಕಿಯೊದಲ್ಲಿ ಒಲೆ ಮುಂದೆ ನಿಲ್ಲುವುದೇ ಬೇಡ ಅನ್ನಿಸುತ್ತದೆ. 35 ಡಿಗ್ರಿ ಬಿಸಿಲು, ಮೈಯೆಲ್ಲ ಅಂಟು. ಅದೇ ಹೊತ್ತಿಗೆ ಚಿಕ್ಕಪುಟ್ಟ ಹೋಟೆಲುಗಳ ಬಾಗಿಲಲ್ಲಿ ‘ಹಿಯಾಶಿ ಚೂಕಾ ಹಜಿಮೆಮಾಶಿತಾ’ ಅಂತ ಬರೆದ ಹಾಳೆ ಕಾಣಿಸಿಕೊಳ್ಳುತ್ತದೆ. ಹಿಯಾಶಿ ಚೂಕಾ, ಅಂದರೆ ತರಕಾರಿ ಹಾಕಿದ ತಣ್ಣನೆ ರಾಮೆನ್ ನೂಡಲ್, ಶುರು ಮಾಡಿದ್ದೇವೆ, ಬನ್ನಿ ಅಂತ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಸಿ ಸೂಪುಗಳು ಹಿಂದಕ್ಕೆ ಸರಿದು, ತಣ್ಣಗೆ ತಿನ್ನುವ ನೂಡಲ್‌ಗಳು ಮುಂದಿನ ಸಾಲಿಗೆ ಬರುತ್ತವೆ.

ಟೋಕಿಯೊದ ನಿಶಿ-ಕಸಾಯಿ ಸುತ್ತಮುತ್ತಲಿನ ಕನ್ನಡದವರ ಮನೆಗಳಲ್ಲಿ ಬೇಸಿಗೆ ಊಟದ ಮಾತು ಬಂದರೆ ಒಂದು ಪ್ರಶ್ನೆ ಗ್ಯಾರಂಟಿ. ತರಕಾರಿ ಜಾಸ್ತಿ ಹಾಕಿ ತಣ್ಣಗೆ ಕಲಸಿ ತಿನ್ನೋಕೆ ಯಾವ ನೂಡಲ್ ಒಳ್ಳೇದು? ನಾನು ಎಲ್ಲವನ್ನೂ ಒಂದೇ ತರಕಾರಿಗಳ ಜೊತೆ ಮಾಡಿ ನೋಡಿದ್ದೇನೆ. ಸೌತೆಕಾಯಿ, ಟೊಮೇಟೊ, ಕ್ಯಾರೆಟ್, ಬೆಂಡೆಕಾಯಿ, ಮೂಲಂಗಿ ಮೊಳಕೆ, ಮೇಲೆ ಪರಿಮಳಕ್ಕೆ ಶಿಸೊ ಎಲೆ. ಮಾಡಿದ ತಕ್ಷಣ ತಿಂದರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಬಣ್ಣ ಬಯಲಾಗುವುದು ಅರ್ಧ ಗಂಟೆ ಆದ ಮೇಲೆ. ಸೋಯಾ ಸಾಸಿನ ಉಪ್ಪು ತಾಗಿದ ಕೂಡಲೇ ಸೌತೆಕಾಯಿ, ಟೊಮೇಟೊ ಎರಡೂ ನೀರು ಬಿಡುತ್ತವೆ. ಆ ನೀರಿನಲ್ಲಿ ಯಾವ ಎಳೆ ಗಟ್ಟಿಯಾಗಿ ನಿಲ್ಲುತ್ತದೆ, ಯಾವುದು ಮುದ್ದೆಯಾಗುತ್ತದೆ ಅನ್ನೋದರ ಮೇಲೆಯೇ ನನ್ನ ಲೆಕ್ಕ.

ಮೊದಲು ಸೋಮೆನ್. ಜಪಾನಿನ ಮನೆಗಳಲ್ಲಿ ಬೇಸಿಗೆ ಊಟ ಅಂದರೆ ಇದೇ. ಜುಲೈ 7ರ ತನಬಾತ ಹಬ್ಬದ ದಿನ ಸೋಮೆನ್ ತಿನ್ನುವ ರೂಢಿಯೂ ಇದೆ. ಗೋಧಿ ಹಿಟ್ಟು, ಉಪ್ಪು, ನೀರು ಅಷ್ಟೇ. ಯಂತ್ರದಲ್ಲಿ ಮಾಡಿದ್ದಾದರೆ ಎಳೆ 1.3 ಮಿಲಿಮೀಟರಿಗಿಂತ ಸಣ್ಣಗಿರಬೇಕು. ಅದಕ್ಕಿಂತ ಸ್ವಲ್ಪ ದಪ್ಪಗಾದರೆ ಹಿಯಾಮುಗಿ, 1.7 ಮುಟ್ಟಿದರೆ ಉದೋನ್. ಕೈಯಲ್ಲಿ ಎಳೆದು ಮಾಡುವ ಸೋಮೆನ್‌ಗೆ ನಾರಾ ಪ್ರಾಂತ್ಯದ ಮಿವಾ ಹೆಸರುವಾಸಿ. ಎಳೆಯುವಾಗ ಒಣಗದಿರಲಿ ಅಂತ ಎಣ್ಣೆ ಸವರುತ್ತಾರೆ. ಶೋದೊಶಿಮಾ ದ್ವೀಪದವರು ಅದಕ್ಕೆ ಎಳ್ಳೆಣ್ಣೆಯನ್ನೇ ಬಳಸುತ್ತಾರೆ.

ಬೇಯೋದಕ್ಕೆ ಎರಡು ನಿಮಿಷ ಸಾಕು. ಕೆಲಸ ಇರುವುದು ಆಮೇಲೆ. ಬಸಿದು ತಣ್ಣೀರಿಗೆ ಹಾಕಿದರೆ ಮೊದಲ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಎಳೆಗಳು ಕೈಯಲ್ಲಿ ಜಾರುತ್ತವೆ. ನೀರು ಚೆಲ್ಲಿ, ಬೇರೆ ನೀರು ಹಾಕಿ, ಎರಡೂ ಅಂಗೈ ನಡುವೆ ಧೈರ್ಯವಾಗಿ ಉಜ್ಜಬೇಕು. ಹರಿದುಹೋಗುತ್ತದೆ ಅಂತ ಹೆದರಬೇಡಿ, ಹರಿಯೋದಿಲ್ಲ. ಉಪ್ಪು, ಎಣ್ಣೆ, ಗಂಜಿ ಎಲ್ಲ ಹೋಗಿ ನೀರು ತಿಳಿಯಾದಾಗ ಎಳೆ ಜಾರುವುದು ನಿಂತು ಬೆರಳಿಗೆ ಬಿಗಿಯಾಗಿ ಸಿಗುತ್ತದೆ. ಆಗ ಐಸ್ ನೀರು.

ಇಷ್ಟೆಲ್ಲ ಮಾಡಿದರೂ ಸಲಾಡ್‌ಗೆ ಸೋಮೆನ್ ಆಗಿಬರುವುದಿಲ್ಲ. ನಮ್ಮ ಶಾವಿಗೆಯ ಹಾಗೆ ಕಾಣುತ್ತದೆ ನಿಜ, ಆದರೆ ಒಗ್ಗರಣೆ ಹಾಕಿದ ಶಾವಿಗೆ ಉದುರುದುರಾಗಿ ಇರುವ ಹಾಗೆ ಇದು ಇರೋದಿಲ್ಲ. ಬಸಿದು ಹತ್ತು ನಿಮಿಷಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಡ್ರೆಸ್ಸಿಂಗ್ ಹಾಕಿದರೆ ಬಿಡಿಸಿಕೊಳ್ಳುತ್ತದೆ, ಆದರೆ ತರಕಾರಿ ನೀರು ಸೇರಿ ಮೆತ್ತಗಾಗುತ್ತದೆ. ಎಳೆ ತೀರಾ ಸಣ್ಣ, ಹಾಗಾಗಿ ಕ್ಯಾರೆಟ್ ಕಡ್ಡಿ ಬಾಯಿಗೆ ಬಂದಾಗ ನೂಡಲ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಸೋಮೆನ್ ಅನ್ನು ಸುಮ್ನೆ ಐಸ್ ಮೇಲೆ ಹರಡಿ, ಪಕ್ಕದ ಬಟ್ಟಲಿನ ಸಾರಿಗೆ ಅದ್ದಿ ತಿನ್ನಿ. ಅದಕ್ಕೆ ಅದೇ ಚೆಂದ.

ಸೋಬಾ ಕಥೆ ಬೇರೆ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಇದೆಯಲ್ಲ, ಅದೇ ಕಾಳಿನ ಹಿಟ್ಟು. ಪೂರ್ತಿ ಅದರಲ್ಲೇ ಮಾಡಿದ್ದು ಜೂವರಿ, 80 ಭಾಗ ಅದು 20 ಭಾಗ ಗೋಧಿ ಸೇರಿದರೆ ನಿಹಾಚಿ. ಪ್ಯಾಕೆಟ್ ಹಿಂದೆ ತೂಕದ ಲೆಕ್ಕದಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರೆದಿರುತ್ತಾರೆ. ಗೋಧಿ ಹಿಟ್ಟು ಮೊದಲಿದ್ದರೆ ಅದು ಹೆಸರಿಗಷ್ಟೇ ಸೋಬಾ. ಸಲಾಡ್‌ಗೆ ನಾನು ಜೂವರಿ ತರುವುದಿಲ್ಲ. ಗೋಧಿಯ ಜಿಗುಟಿಲ್ಲದ ಕಾರಣ ಕಲಸುವಾಗ ತುಂಡು ತುಂಡಾಗುತ್ತದೆ. ನಿಹಾಚಿ ಸರಿ.

ಸೋಬಾಗೆ ತನ್ನದೇ ರುಚಿ ಇದೆ, ಸ್ವಲ್ಪ ಹುರಿದ ಕಾಳಿನ ವಾಸನೆ, ತುದಿಯಲ್ಲಿ ಒಂಚೂರು ಕಹಿ. ಅದಕ್ಕೆ ಎಳ್ಳಿನ ಡ್ರೆಸ್ಸಿಂಗ್, ಖಾರದ ಮೂಲಂಗಿ ಮೊಳಕೆ, ಮಿಜುನಾ ಸೊಪ್ಪು, ಬೆಂಡೆಕಾಯಿ ಎಲ್ಲ ಹೇಳಿಮಾಡಿಸಿದ್ದು. ಟೊಮೇಟೊ ಮಾತ್ರ ಕೂಡಿಬರುವುದಿಲ್ಲ. ಅದರ ಹುಳಿ ಬಿದ್ದರೆ ಸೋಬಾದ ಪರಿಮಳ ಎಲ್ಲಿಗೋ ಹೋಗುತ್ತದೆ. ಅರ್ಧ ಗಂಟೆ ತಡೆಯುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ಇನ್ನೊಂದು ಮಾತು: ಸೋಬಾ ಅಲರ್ಜಿ ಕೆಲವರಿಗೆ ತುಂಬಾ ಜೋರಾಗಿಯೇ ಬರುತ್ತದೆ. ಜಪಾನಿನಲ್ಲಿ ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ಹೇಳಬೇಕಾದ ಅಲರ್ಜಿ ಪದಾರ್ಥಗಳಲ್ಲಿ ಇದೂ ಒಂದು. ಮನೆಗೆ ಬಂದವರಿಗೆ ಬಡಿಸುವ ಮೊದಲು ಕೇಳಿಬಿಡಿ. ಬೇಯಿಸಿದ ನೀರನ್ನೂ ಚೆಲ್ಲಬೇಡಿ. ಅದಕ್ಕೆ ಸೋಬಾಯು ಅಂತಾರೆ. ಊಟದ ಕೊನೆಗೆ ಉಳಿದ ಸಾರಿಗೆ ಬೆರೆಸಿ ಬಿಸಿಬಿಸಿ ಕುಡಿಯುತ್ತಾರೆ. ಉಪ್ಪು ಹಾಕದೆ ಬೇಯಿಸಿದ್ದರೆ ಗಂಜಿ ಕುಡಿದು ಬೆಳೆದವರಿಗೆ ಇಷ್ಟವಾಗುತ್ತದೆ.

ಉದೋನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫ್ರೋಜನ್ ಸಿಗುತ್ತದೆ, ಒಂದು ನಿಮಿಷ ಬಿಸಿನೀರಿಗೆ ಹಾಕಿ ತಣ್ಣೀರಿಗೆ ಹಿಡಿದರೆ ಮುಗೀತು. ಜಗಿಯೋಕೆ ಗಟ್ಟಿ, ನೀರಿಗೆ ಜಗ್ಗೋದಿಲ್ಲ. ಆದರೆ ಎಳೆ ಅಷ್ಟು ದಪ್ಪ, ಸಣ್ಣಗೆ ಹೆಚ್ಚಿದ ತರಕಾರಿ ಎಲ್ಲ ಬಟ್ಟಲಿನ ತಳಕ್ಕೆ ಇಳಿದುಬಿಡುತ್ತದೆ. ನೂಡಲ್ ಪೂರ್ತಿ ತಿಂದು, ಕೊನೆಗೆ ಚಮಚದಲ್ಲಿ ಸೌತೆಕಾಯಿ ತಿನ್ನುವ ಹಾಗಾಗುತ್ತದೆ. ಮಕ್ಕಳಿಗೆ ಮಾತ್ರ ಇದೇ ಬೇಕು.

ಈಗ ಚೂಕಾ ನೂಡಲ್, ಅಂದರೆ ರಾಮೆನ್‌ಗೆ ಬಳಸುವ ಹಳದಿ ಎಳೆ. ಹಿಯಾಶಿ ಚೂಕಾ ಹುಟ್ಟಿದ ಜಾಗಕ್ಕೆ ಇಬ್ಬರು ಹಕ್ಕುದಾರರು. ಟೋಕಿಯೊದ ಜಿಂಬೊಚೊದಲ್ಲಿರುವ ಯೋಸುಕೊ ಸೈಕಾನ್ ಹೋಟೆಲು 1933 ಅಂತ ಹೇಳುತ್ತದೆ, ಸೆಂದಾಯಿ ನಗರದ ರ್ಯೂತೇಯಿ ಹೋಟೆಲು 1937 ಅಂತ. ಬೇಸಿಗೆಯಲ್ಲಿ ಬಿಸಿ ನೂಡಲ್‌ಗೆ ಗಿರಾಕಿ ಕಡಿಮೆ ಆದದ್ದಕ್ಕೆ ಕಂಡುಕೊಂಡ ದಾರಿ ಅನ್ನೋದು ಸೆಂದಾಯಿ ಕಡೆಯ ಮಾತು. ಯಾರು ಮೊದಲಾದರೂ ಇರಲಿ, ತರಕಾರಿ ಜೊತೆ ತಣ್ಣಗೆ ತಿನ್ನಬೇಕು ಅಂತಲೇ ಯೋಚಿಸಿ ಮಾಡಿದ ತಿಂಡಿ ಇದು. ಅದು ತಿಂದರೆ ಗೊತ್ತಾಗುತ್ತದೆ.

ಈ ಹಿಟ್ಟಿಗೆ ಕಾನ್ಸುಯಿ ಅನ್ನುವ ಕ್ಷಾರದ ನೀರು ಸೇರಿಸುತ್ತಾರೆ. ಗೋಧಿಯ ಜಿಗುಟು ಬಿಗಿಯಾಗುವುದೂ, ಹಿಟ್ಟು ಹಳದಿಗೆ ತಿರುಗುವುದೂ ಅದರಿಂದಲೇ. ಈ ಬಿಗಿಯೇ ಸಲಾಡ್‌ನಲ್ಲಿ ಕೆಲಸಕ್ಕೆ ಬರುತ್ತದೆ. ಟೊಮೇಟೊ ನೀರು ಬಿಟ್ಟರೂ, ವಿನಿಗರ್ ಸುರಿದರೂ ಎಳೆ ಎಳೆಯಾಗಿಯೇ ಇರುತ್ತದೆ. ಹುಳಿ-ಸಿಹಿ ಡ್ರೆಸ್ಸಿಂಗ್‌ಗೆ ತರಕಾರಿ ನೀರು ಸೇರಿದಾಗ ಅದು ಹಾಳಾಗುವ ಬದಲು ಇನ್ನೂ ಹದವಾಗುತ್ತದೆ. ಅರ್ಧ ಗಂಟೆ ಪರೀಕ್ಷೆಯಲ್ಲಿ ಗೆದ್ದದ್ದು ಇದೇ, ಅನುಮಾನವೇ ಇಲ್ಲ.

ಒಂದೇ ತಕರಾರು ಇದೆ. ಪ್ಯಾಕೆಟ್ ಜೊತೆ ಬರುವ ಸಾಸಿನಲ್ಲಿ ಸಾಮಾನ್ಯವಾಗಿ ಕೋಳಿ, ಹಂದಿ ಇಲ್ಲವೇ ಮೀನಿನ ಸತ್ವ ಇರುತ್ತದೆ. ನೂಡಲ್ ಅದ್ದಿಕೊಳ್ಳೋಕೆ ಬಾಟಲಿಯಲ್ಲಿ ಸಿಗುವ ಮೆನ್ತ್ಸುಯು ಸಾರಿನದೂ ಅದೇ ಗತಿ, ಒಣ ಕಾತ್ಸುವೊ ಮೀನಿಲ್ಲದ್ದು ಹುಡುಕಬೇಕು. ಕೆಲವು ನೂಡಲ್‌ಗಳಲ್ಲಿ ಮೊಟ್ಟೆಪುಡಿಯೂ ಇರುತ್ತದೆ. ಸಸ್ಯಾಹಾರಿಗಳು ಆ ಸಾಸನ್ನು ಬದಿಗಿಟ್ಟು ಮನೆಯಲ್ಲೇ ಮಾಡಿಕೊಳ್ಳುವುದು ವಾಸಿ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಕೊಂಬು ಅಂದರೆ ಒಣಗಿಸಿದ ಕಡಲ ಸೊಪ್ಪು. ಒಂದೆರಡು ಒಣ ಶೀತಾಕೆ ಅಣಬೆಯನ್ನೂ ಹಾಕಬಹುದು. ಇಬ್ಬರಿಗೆ ಸೋಯಾ ಸಾಸ್ ಮೂರು ಚಮಚ, ಅಕ್ಕಿ ವಿನಿಗರ್ ಮೂರು, ಸಕ್ಕರೆ ಎರಡು, ಎಳ್ಳೆಣ್ಣೆ ಒಂದು, ಕೊಂಬು ನೀರು ನಾಲ್ಕು. ಎಲ್ಲ ಊಟದ ದೊಡ್ಡ ಚಮಚದ ಅಳತೆ. ಶುಂಠಿ ತುರಿದು ರಸ ಹಿಂಡಿ. ಸೋಬಾಗಾದರೆ ಇದು ಬೇಡ. ಹುರಿದ ಎಳ್ಳನ್ನು ತರಿತರಿಯಾಗಿ ಅರೆದು, ಸೋಯಾ ಸಾಸ್, ಸ್ವಲ್ಪ ಸಕ್ಕರೆ, ಕೊಂಬು ನೀರಲ್ಲಿ ಚಟ್ನಿ ಹದಕ್ಕೆ ಕಲಸಿಕೊಳ್ಳಿ. ಮಂದವಾಗಿರುವುದರಿಂದ ಎಳೆಗೆ ಹಿಡಿಯುತ್ತದೆ, ತಳಕ್ಕೆ ಇಳಿಯುವುದಿಲ್ಲ.

ತರಕಾರಿ ಹೆಚ್ಚುವುದರಲ್ಲೂ ಅರ್ಧ ಕೆಲಸ ಇದೆ. ಸೌತೆಕಾಯಿಯನ್ನು ಓರೆಯಾಗಿ ತೆಳುವಾಗಿ ಬಿಲ್ಲೆ ಮಾಡಿ, ನಾಲ್ಕೈದು ಬಿಲ್ಲೆ ಒಂದರ ಮೇಲೊಂದು ಜೋಡಿಸಿ ಕಡ್ಡಿಕಡ್ಡಿಯಾಗಿ ಹೆಚ್ಚಿ. ಹೀಗೆ ಮಾಡಿದರೆ ಪ್ರತಿ ಕಡ್ಡಿಯ ಎರಡೂ ತುದಿಗೆ ಹಸಿರು ಸಿಪ್ಪೆ ಉಳಿಯುತ್ತದೆ, ಬೇಗ ಮೆತ್ತಗಾಗುವುದಿಲ್ಲ. ಜಪಾನಿನ ಸೌತೆಕಾಯಿ ಸಪೂರ, ಬೀಜ ಕಡಿಮೆ. ನಮ್ಮೂರ ಸೌತೆಯಾದರೆ ತಿರುಳು ತೆಗೆದೇ ಹೆಚ್ಚಬೇಕು. ಬೆಂಡೆಕಾಯಿಯನ್ನು ಉಪ್ಪು ಸವರಿ ಹಲಗೆ ಮೇಲೆ ಹೊರಳಾಡಿಸಿ ಸುಂಕು ತೆಗೆದು, ಒಂದು ನಿಮಿಷ ಬೇಯಿಸಿ, ಅಡ್ಡಕ್ಕೆ ಹೆಚ್ಚುತ್ತಾರೆ. ಲೋಳೆ ಬರುತ್ತೆ, ಹೌದು. ನಾವು ಆ ಲೋಳೆ ಹೋಗಲಿ ಅಂತ ಹುಣಸೆಹುಳಿ ಹಾಕಿ ಒದ್ದಾಡುತ್ತೇವೆ, ಇಲ್ಲಿ ಅದೇ ಬೇಕು. ಡ್ರೆಸ್ಸಿಂಗ್ ಎಳೆಗೆ ಅಂಟಿಕೊಳ್ಳುವುದು ಆ ಲೋಳೆಯಿಂದ.

ಊಟದ ಡಬ್ಬಿಗೆ ಮಾತ್ರ ನನ್ನ ಆಯ್ಕೆ ಇನ್ನೊಂದು: ಹರುಸಮೆ. ಹೆಸರುಕಾಳು ಇಲ್ಲವೇ ಆಲೂಗಡ್ಡೆ, ಗೆಣಸಿನ ಪಿಷ್ಟದಿಂದ ಮಾಡುವ ಗಾಜಿನಂಥ ಎಳೆ. ಅದಕ್ಕೆ ಸ್ವಂತ ರುಚಿ ಏನೂ ಇಲ್ಲ, ಆದರೆ ತರಕಾರಿ ಬಿಟ್ಟ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನ ಇನ್ನೂ ರುಚಿ. ಸೌತೆಕಾಯಿ, ಕ್ಯಾರೆಟ್, ವಿನಿಗರ್, ಎಳ್ಳೆಣ್ಣೆ ಇಷ್ಟಿದ್ದರೆ ಸಾಕು. ಊಟದ ಹೊತ್ತಿನ ತನಕ ತಣ್ಣಗಿರಲಿ ಅಂತ ಡಬ್ಬಿ ಜೊತೆ ಐಸ್ ಪ್ಯಾಕ್ ಇಡುವುದು ಮರೆಯಬೇಡಿ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವವರಿಗೆ ಚೂಕಾ ನೂಡಲ್ ಸುಲಭಕ್ಕೆ ಸಿಗದಿದ್ದರೆ ಒಂದು ಉಪಾಯ. ಸಣ್ಣ ಎಳೆಯ ಸ್ಪಗೆಟ್ಟಿ ತನ್ನಿ. ಒಂದು ಲೀಟರ್ ಕುದಿಯುವ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಬೇಯಿಸಿ. ಕಾನ್ಸುಯಿ ಮಾಡುವ ಕೆಲಸವನ್ನು ಸೋಡಾ ಸುಮಾರಾಗಿ ಮಾಡುತ್ತದೆ, ಎಳೆ ಹಳದಿಯಾಗಿ ಬಿಗಿಯಾಗುತ್ತದೆ. ನೊರೆ ಉಕ್ಕಿ ಒಲೆ ಮೇಲೆ ಬರುತ್ತದೆ, ದೊಡ್ಡ ಪಾತ್ರೆಯನ್ನೇ ಇಡಿ. ಸೋಡಾ ವಾಸನೆ ಹೋಗುವ ತನಕ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಒಂದು ಎಳೆ ಬಾಯಿಗೆ ಹಾಕಿ ನೋಡಿ ಆಮೇಲೆ ಡ್ರೆಸ್ಸಿಂಗ್ ಸುರಿಯಿರಿ.